ಅಮ್ಮನ ಶುಗರ್ ಮತ್ತು ಆಸ್ಪತ್ರೆಯ ಪೋರ್ಟಲ್: ಬಹಳ ಕಾಲ ಬಳಸಿದ ಮೇಲೆ

ಅಪಾಯಿಂಟ್‌ಮೆಂಟ್, ಬಿಲ್ಲು, ಮನೆಗೇ ಮಾತ್ರೆ, ಎಲ್ಲಾ ಇದೆ ಈ ಪೋರ್ಟಲ್‌ನಲ್ಲಿ. ಆದರೆ ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ: ಹಳೇ ರಿಪೋರ್ಟುಗಳನ್ನೆಲ್ಲ ಒಂದೇ ಗೆರೆಯಲ್ಲಿ ತೋರಿಸುವ ಗ್ರಾಫ್.

ಅಮ್ಮ ಇರುವುದು ಮಂಡ್ಯದಲ್ಲಿ, ತೋರಿಸುವುದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಬೆಳಗ್ಗೆ ಗ್ಲುಕೋಮೀಟರಿನಲ್ಲಿ 130 ಬಂದರೆ ಖುಷಿ, 180 ಬಂದರೆ ಮುಖ ಸಪ್ಪಗೆ. ಆದರೆ ಡಾಕ್ಟರು ಜಾಸ್ತಿ ನೋಡುವುದು ಎಚ್‌ಬಿಎ1ಸಿ, ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ‘ಮೂರು ತಿಂಗಳ ಶುಗರ್’, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ. ಟೆಸ್ಟಿನ ಹಿಂದಿನ ದಿನ ಮಾತ್ರ ಪಥ್ಯ ಮಾಡಿದರೆ ಅದು ಬಗ್ಗುವುದಿಲ್ಲ. ಗ್ರಾಫ್‌ನಲ್ಲಿ ಹಬ್ಬಗಳ ಸಾಲು ಮುಗಿದ ಮೇಲೆ ಗೆರೆ ಮೇಲೇರಿದ್ದನ್ನು ಅಮ್ಮನೇ ಬೆರಳಿಟ್ಟು ತೋರಿಸಿದರು. ನಾನು ಎಷ್ಟು ಹೇಳಿದರೂ ಕೇಳದವರು ಆಮೇಲೆ ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿದರು. ರಾಗಿ ಶುಗರ್‌ಗೆ ಒಳ್ಳೆಯದು ನಿಜ, ಆದರೆ ಅದೂ ಪಿಷ್ಟವೇ ಅಲ್ವಾ?

ಇನ್ನು ‘ಆರೋಗ್ಯ ಮಾಹಿತಿ’ ವಿಭಾಗ. ಇದು ಸುಮ್ನೆ ಹೆಸರಿಗೆ. ಡಯಟ್ ಚಾರ್ಟ್‌ನಲ್ಲಿ ಓಟ್ಸ್, ಕಿನ್ವಾ, ಬ್ರೊಕೋಲಿ. ಮಂಡ್ಯದ ಮನೆಯಲ್ಲಿ ಬಸ್ಸಾರು, ಹುರುಳಿಕಾಳು, ಸೊಪ್ಪಿನ ಪಲ್ಯ ಬಿಟ್ಟು ಇದನ್ನು ಯಾರು ಬೇಯಿಸುತ್ತಾರೆ? ಕನ್ನಡದ ಪುಟವನ್ನು ಯಂತ್ರದಿಂದ ಅನುವಾದ ಮಾಡಿಸಿದ ಹಾಗಿದೆ. ಅಮ್ಮ ಎರಡು ಸಾಲು ಓದಿ ಫೋನ್ ವಾಪಸ್ ಕೊಟ್ಟರು.

ಇನ್ನೊಂದು ತೊಂದರೆ, ರಿಪೋರ್ಟು ಡಾಕ್ಟರಿಗಿಂತ ಮೊದಲು ನಮ್ಮ ಫೋನಿಗೆ ಬರುತ್ತದೆ. ಕೆಂಪು ಬಣ್ಣದಲ್ಲಿ ಒಂದು ಅಂಕಿ ಕಂಡರೆ ಸಾಕು, ರಾತ್ರಿಯೆಲ್ಲ ನಿದ್ದೆ ಇಲ್ಲ. ಸಾಮಾನ್ಯವಾಗಿ ಲ್ಯಾಬಿನವರು ನಾರ್ಮಲ್ ಮಿತಿ ಹಾಕುವುದು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ. ಉಳಿದ ಐದು ಜನ ಚೆನ್ನಾಗಿದ್ದರೂ ಹೊರಗೇ ಕಾಣುತ್ತಾರೆ. ಇಷ್ಟನ್ನು ಕೆಂಪು ಅಂಕಿಯ ಪಕ್ಕದಲ್ಲೇ ಒಂದು ಸಾಲಿನಲ್ಲಿ ಬರೆದಿದ್ದರೆ ಎಷ್ಟೋ ಜನರ ಗಾಬರಿ ತಪ್ಪುತ್ತಿತ್ತು. ಡಾಕ್ಟರಿಗೆ ಮೆಸೇಜ್ ಹಾಕುವ ವ್ಯವಸ್ಥೆ ಚೆನ್ನಾಗಿದೆ, ಉತ್ತರ ಬರುವುದು ಮಾತ್ರ ನಿಧಾನ. ಎದೆನೋವು, ತಲೆಸುತ್ತಿಗೆಲ್ಲ ಇದನ್ನು ನಂಬಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಓಟಿಪಿ ಅಮ್ಮನ ಫೋನಿಗೆ ಹೋಗುತ್ತದೆ. ಅವರು ಹಿತ್ತಲಲ್ಲಿದ್ದರೆ ನನ್ನ ಕಥೆ ಮುಗಿಯಿತು! ಮನೆಯವರಿಗೆ ಬೇರೆ ಲಾಗಿನ್ ಕೊಡಿ ಎಂದು ಕೇಳಿದ್ದೇನೆ, ಇನ್ನೂ ಬಂದಿಲ್ಲ.

ಪೋರ್ಟಲ್‌ಗೆ ಆಭಾ ಸಂಖ್ಯೆ ಜೋಡಿಸಬಹುದು. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಸಂಖ್ಯೆ ಅದು. 5 ಲಕ್ಷದವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡೇ ಇದು ಅಂತ ನಮ್ಮ ಬೀದಿಯಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಇದು ರಿಪೋರ್ಟು ಜೋಡಿಸುವುದಕ್ಕೆ ಮಾತ್ರ, ಬಿಲ್ಲು ಕಡಿಮೆ ಮಾಡುವುದಿಲ್ಲ. ಯಾವ ದಾಖಲೆ, ಯಾವ ಡಾಕ್ಟರಿಗೆ, ಎಲ್ಲಿವರೆಗೆ ಎಂದು ನಾವೇ ಒಪ್ಪಿಗೆ ಕೊಡುತ್ತೇವೆ, ಬೇಡವಾದರೆ ವಾಪಸ್ ತೆಗೆದುಕೊಳ್ಳಬಹುದು.

ಐದಕ್ಕೆ ಮೂರು ಸ್ಟಾರ್. ಮೂರೂ ಗ್ರಾಫಿಗೇ. ಶುಗರ್, ಬಿಪಿ, ಥೈರಾಯ್ಡ್ ಥರ ವರ್ಷಗಟ್ಟಲೆ ಟೆಸ್ಟ್ ಮಾಡಿಸುವವರು ತೆಗೆದುಕೊಳ್ಳಿ. ಒಂದು ಸಲ ಜ್ವರಕ್ಕೆ ತೋರಿಸಿ ಬರುವವರಿಗೆ ಕಾಗದದ ಚೀಟಿಯೇ ಸಾಕು.