ಹಳೇ ಫೈಬರ್ ಬೋಟ್ ತಗೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಕುಂಬಳೆ, ಮಂಜೇಶ್ವರ ಕಡೆ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಬೋಟ್ ನೋಡ್ತಾ ಇದ್ರೆ ಸ್ವಲ್ಪ ನಿಲ್ಲಿ. ನಮ್ಮ 50 ಸಾವಿರ ಅಡ್ವಾನ್ಸ್ ಸಿಕ್ಕಿಬಿದ್ದಿದೆ, ವಾಪಸ್ ಬರುವ ಲಕ್ಷಣ ಇಲ್ಲ.

ನಾನೂ ಭಾವನೂ ಸೇರಿ ಹೊಳೆಯಲ್ಲಿ ಗಾಳ ಹಾಕ್ಲಿಕ್ಕೆ, ನೆಂಟರು ಬಂದ್ರೆ ಒಂದು ಸುತ್ತು ಕರ್ಕೊಂಡು ಹೋಗ್ಲಿಕ್ಕೆ ಅಂತ ಹುಡುಕ್ತಿದ್ದದ್ದು. ಮೊಗ್ರಾಲ್ ಹೊಳೆ ಬದಿ 21 ಅಡಿ ಬೋಟ್, 9.9 ಎಚ್‌ಪಿ ಇಂಜಿನ್ ಸಮೇತ. ಹೊಸ ಬಿಳಿ ಪೈಂಟ್, ಒಳಗೆ ಒಂದು ಹನಿ ನೀರಿಲ್ಲ. "ನಾಳೆ ಬೇರೆ ಪಾರ್ಟಿ ಬರ್ತದೆ, ನೀವು ಊರಿನವ್ರಲ್ವಾ ಅಂತ ನಿಲ್ಸಿದ್ದೇನೆ" ಅಂದ್ರು ಮಾರುವವ್ರು. ಚೆಕ್ ಮಾಡಿಸ್ತೇವೆ ಅಂದದ್ದಕ್ಕೆ "ಧಾರಾಳ ಮಾಡ್ಸಿ, ಏನಾದ್ರೂ ಇದ್ರೆ ದುಡ್ಡು ವಾಪಸ್" ಅಂತ ಅವರೇ ಹೇಳಿದ್ದು. ಭಾವನ ಎದುರೇ ಹೇಳಿದ್ದು.

ಮಂಗಳೂರಿಂದ ಫೈಬರ್ ಕೆಲಸದವರೊಬ್ರನ್ನ ಕರ್ಕೊಂಡು ಹೋದೆವು. ಅವ್ರು ಸ್ಕ್ರೂಡ್ರೈವರಿನ ಹಿಡಿಯಲ್ಲಿ ಮುಂದಿನಿಂದ ತಟ್ಟುತ್ತಾ ಬಂದ್ರು, ಟಣ್ ಟಣ್ ಅಂತಿತ್ತು. ಇಂಜಿನ್ ಕೂರಿಸುವ ಹಿಂದಿನ ಹಲಗೆಗೆ ಬಂದದ್ದೇ ದಬ್. ಮತ್ತೆ ತಟ್ಟಿದ್ರು, ದಬ್. ಇಂಜಿನ್ ಎತ್ತಿ ಅದುಮಿದ್ರೆ ಹಲಗೆಯೇ ಒಟ್ಟಿಗೆ ಅಲ್ಲಾಡ್ತದೆ. ಆಮೇಲೆ ಎಡಗಡೆ ಕೆಳಗಿನ ಬೋಲ್ಟ್ ಬಿಚ್ಚಿದ್ರು ನೋಡಿ (ಸ್ಪ್ಯಾನರ್ ಕೊಟ್ಟದ್ದು ಮಾರುವವರದ್ದೇ ಹುಡುಗ), ಕಂದು ನೀರು ಇಳಿದು ನನ್ನ ಕಾಲಿನ ಮೇಲೆ ಬಿತ್ತು, ಗಬ್ಬು ವಾಸನೆ. ತೂತಿಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ಒಳಗಿನ ಪ್ಲೈವುಡ್ ನೆನೆದ ಅಡಿಕೆ ಸಿಪ್ಪೆ ತರ ಬಂತು. ಅಡ್ವಾನ್ಸ್ ಕೊಟ್ಟು ಮನೆಯಲ್ಲೆಲ್ಲ ಹೇಳಿ ಆಗಿತ್ತು, ಭಾವನ ಮುಖ ನೋಡ್ಲಿಕ್ಕೆ ನನಗೆ ಆಗ್ಲಿಲ್ಲ.

ಹೊರಗೆ ಫೈಬರ್ ಇದ್ರೂ ಆ ಹಲಗೆಯ ಒಳಗಿರೋದು ಮರವೇ. ಬೋಲ್ಟ್ ತೂತಿಗೆ ಸರಿಯಾಗಿ ಸೀಲೆಂಟ್ ಹಾಕದಿದ್ರೆ ನೀರು ಒಳಗೆ ಹೋಗಿ ಅಲ್ಲೇ ಕೂರ್ತದೆ, ಹೊರಗೆ ಎಂತದೂ ಕಾಣುದಿಲ್ಲ. ಉಪ್ಪುನೀರಿಗಿಂತ ಮಳೆನೀರಿಗೆ ಮರ ಬೇಗ ಕುಂಬಾಗ್ತದಂತೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಇವ್ರು ಮಳೆಗಾಲ ಇಡೀ ಬೋಟನ್ನು ಕವುಚಿ ಹಾಕದೆ ಹಾಗೇ ಬಿಟ್ಟಿದ್ರು ಅಂತ ಪಕ್ಕದವ್ರು ಆಮೇಲೆ ಹೇಳಿದ್ರು. ರಿಪೇರಿ ಅಂದ್ರೆ ಫೈಬರ್ ಕತ್ತರಿಸಿ ಮರ ಪೂರ್ತಿ ತೆಗೆದು ಹೊಸತು ಕೂರಿಸ್ಬೇಕು. ಹಾಗೇ ಓಡಿಸಿದ್ರೆ ಒಂದಿನ ಹೊಳೆ ನಡುವೆ ಇಂಜಿನ್ ಕಿತ್ತು ಬರ್ಬಹುದು ಮಾರ್ರೆ, ಮಕ್ಕಳನ್ನು ಕೂರಿಸ್ಕೊಂಡು ಹೋಗುವ ಬೋಟ್ ಇದು!

ಮಾರುವವ್ರಿಗೆ ಫೋನ್ ಮಾಡಿದ್ರೆ ಉತ್ತರ ಕೇಳಿ. "ಬೋಟ್ ಅಂದ್ಮೇಲೆ ನೀರಲ್ಲಿರೋದು, ಒದ್ದೆ ಆಗದೆ ಇರ್ತದಾ?" ದುಡ್ಡು ಕೇಳಿದ್ರೆ "ನೀವೇ ಬಿಚ್ಚಿ ಹಾಳು ಮಾಡಿದ್ರಿ, ನಾನು ನಿಮ್ಮತ್ರ ಕೇಳ್ಬೇಕು." ಮತ್ತೆ ಒತ್ತಾಯ ಮಾಡಿದ್ರೆ "ಎಗ್ರಿಮೆಂಟ್ ಓದಿ." ಎಗ್ರಿಮೆಂಟ್ ಮಲಯಾಳದಲ್ಲಿ, ಅವರೇ ಬರ್ಸಿದ್ದು, ಅವರೇ ನಮಗೆ ಓದಿ ಹೇಳಿದ್ದು. ಪರಿಚಯದ ವಕೀಲರಿಗೆ ತೋರಿಸಿದಾಗ ಗೊತ್ತಾಯ್ತು, ಕೊನೆಗೆ "ಇದ್ದ ಸ್ಥಿತಿಯಲ್ಲಿ ಒಪ್ಪಿದ್ದೇವೆ, ಅಡ್ವಾನ್ಸ್ ವಾಪಸ್ ಇಲ್ಲ" ಅಂತ ಉಂಟು. ಆ ಸಾಲು ಮಾತ್ರ ಓದಿರ್ಲಿಲ್ಲ. ಬೇಕಂತಲೇ ಬಿಟ್ಟದ್ದು.

ಮೊದಲು ತಟ್ಟಿಸಿ ನೋಡಿ, ಆಮೇಲೆ ದುಡ್ಡಿನ ಮಾತು. ಕಾಗದ ನಿಮ್ಮವರ ಹತ್ರವೇ ಓದಿಸಿ. ಹೊಸ ಪೈಂಟ್ ಹೊಡೆದ ಹಳೇ ಬೋಟನ್ನಂತೂ ನಂಬ್ಬೇಡಿ.

ಈಗ ಅದೇ ಬೋಟಿನ ಫೋಟೋ ಮತ್ತೆ ಮಾರಾಟಕ್ಕೆ ಓಡಾಡ್ತಾ ಉಂಟು, ಬೋಲ್ಟಿನ ಸುತ್ತ ಪುಟ್ಟಿ ಮೆತ್ತಿ ಪೈಂಟ್ ಹೊಡೆದಿದ್ದಾರೆ. 21 ಅಡಿ, ಬಿಳಿ, ಬದಿಯಲ್ಲಿ ಹಸಿರು ಪಟ್ಟಿ. ನೋಡ್ಲಿಕ್ಕೆ ಹೋಗುವವ್ರು ಎಡಗಡೆ ಕೆಳಗಿನ ಬೋಲ್ಟ್ ಬಿಚ್ಚಿಸದೆ ಒಂದು ರೂಪಾಯಿ ಕೊಡ್ಬೇಡಿ.