ಪಾರ್ಟಿ ಮುಗಿದ ಮೇಲೆ ಸ್ಟಿಯರಿಂಗ್ ಯಾರ ಕೈಗೆ?

ಇಂದಿರಾನಗರದಲ್ಲಿ ನಾಲ್ಕು ಜನ ಸೇರುತ್ತೀರಿ, ಕಾರು ಒಂದೇ. ಒಬ್ಬರು ಕುಡಿಯದೆ ಉಳಿಯಬೇಕಾ, ಬಾಡಿಗೆ ಡ್ರೈವರ್ ಕರೆಸಬೇಕಾ, ಕ್ಯಾಬ್ ಹಿಡಿಯಬೇಕಾ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಗೆಳೆಯನೇ ಅಗ್ಗ. ಅವನ ಊಟ, ನಿಂಬೆ ಸೋಡಾದ ಬಿಲ್ಲನ್ನು ಉಳಿದವರು ಹಂಚಿಕೊಂಡರೆ ಆಯ್ತು. ಕ್ಯಾಬ್ ದರ ಶನಿವಾರ ರಾತ್ರಿ ಏರುತ್ತದೆ. ಮಳೆ ಬಂದರಂತೂ ಕೇಳಲೇಬೇಡಿ.

ನಂಬಿಕೆಯ ಮಾತು ಬೇರೆ. ಗೆಳೆಯ ಮೊದಲು 'ಇವತ್ತು ಬೇಡ' ಅನ್ನುತ್ತಾನೆ, ಆಮೇಲೆ 'ಒಂದೇ ಬಿಯರ್ ಅಲ್ವಾ' ಅನ್ನುತ್ತಾನೆ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್. ಕೆಲವರಿಗೆ ಒಂದೇ ಬಾಟಲಿಗೆ ಅದು ದಾಟಬಹುದು. ಮೊದಲ ಸಲ ಸಿಕ್ಕಿದರೂ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಕಾಫಿ ಕುಡಿದರೆ ನಿದ್ದೆ ಹೋದೀತು, ಅಮಲು ಇಳಿಯುವುದಿಲ್ಲ. ಹಾಗಾಗಿ ಕುಡಿಯದ ಅಭ್ಯಾಸದವನೇ ಗುಂಪಿನಲ್ಲಿದ್ದರೆ ಸರಿ. ಮೊದಲ ಗ್ಲಾಸ್ ಬರುವ ಮುಂಚೆಯೇ ಕೀ ಅವನಿಗೆ ಕೊಡಿ. ಪ್ರತಿ ಸಲ ಅವನನ್ನೇ ಹಿಡಿಯಬೇಡಿ, ಪಾಪ.

ಅಂಥವನಿಲ್ಲ, ಕಾರು ಬೆಳಿಗ್ಗೆ ಬೇಕು ಅಂದರೆ ಡ್ರೈವರ್. ಸಂಜೆಯೇ ಬುಕ್ ಮಾಡಿ. ಒಬ್ಬರದು ಕೆಂಗೇರಿ, ಇನ್ನೊಬ್ಬರದು ವೈಟ್‌ಫೀಲ್ಡ್ ಆದರೆ ಕಾರನ್ನು ಮನೆಯಲ್ಲೇ ಬಿಟ್ಟು ಕ್ಯಾಬ್ ಹಿಡಿಯಿರಿ.