ಇಂಟರ್‌ನ್ಯಾಷನಲ್ ಜರ್ನಲಿಸಂ ಓದಲು ಬ್ರಿಟನ್ನಿಗೆ ಹೊರಟಿದ್ದೀರಾ? ಡೆಪಾಸಿಟ್ ಕಟ್ಟುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿ ಕಡೆ ಪತ್ರಿಕೋದ್ಯಮ ಓದುತ್ತಿರುವವರಿಗೆ, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಬ್ರಿಟನ್ನಿಗೆ ಹೋಗಿ ಒಂದು ವರ್ಷದ ಎಂ.ಎ. ಇಂಟರ್‌ನ್ಯಾಷನಲ್ ಜರ್ನಲಿಸಂ ಮಾಡಿದರೆ, ಓದುತ್ತಲೇ ಪತ್ರಿಕೆಗಳಿಗೆ ಬರೆದು ಸಂಪಾದಿಸಬಹುದು, ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಇರುವಷ್ಟು ದಿನ ಸ್ವಂತ ಉದ್ಯೋಗ ಮಾಡುವಂತಿಲ್ಲ. ಫ್ರೀಲಾನ್ಸ್ ಬರೆದು ದುಡ್ಡು ಪಡೆಯುವುದೂ ಅದರಲ್ಲೇ ಬರುತ್ತದೆ. ಪತ್ರಿಕೋದ್ಯಮ ಓದಲು ಹೊರಟವರಿಗೆ ಮೊದಲು ಹೇಳಬೇಕಾದ ಮಾತು ಇದು. ಶಿವಮೊಗ್ಗದ ಏಜೆನ್ಸಿ ನನ್ನಿಂದ ದುಡ್ಡು ತೆಗೆದುಕೊಂಡಿತು, ಈ ಮಾತು ಮಾತ್ರ ಹೇಳಲಿಲ್ಲ.

ನಾನು ಹೋಗಿದ್ದು 2024ರ ಸೆಪ್ಟೆಂಬರಿನಲ್ಲಿ. ಮನೆ ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟದ ಮೇಲೆ ನಡೆಯುವ ಸಂಸಾರ. ಏಜೆನ್ಸಿಯ ಹೆಸರನ್ನಾಗಲಿ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಜಾಗದಲ್ಲಿ ತೀರ್ಮಾನವಾಗಲಿ.

ಏಜೆನ್ಸಿಯವರು ನಮ್ಮ ಕಾಲೇಜಿಗೇ ಬಂದು ಸೆಮಿನಾರ್ ಮಾಡಿದ್ದರು. ಆಮೇಲೆ ಅಪ್ಪನನ್ನು ಕರೆದುಕೊಂಡು ಅವರ ಆಫೀಸಿಗೆ ಹೋದೆ. ಎದುರಿಗೆ ಕೂತವರು ಬಹಳ ನಯವಾಗಿ ಮಾತಾಡಿದರು. "ಗೌಡ್ರೇ, ಬಿಬಿಸಿಯವರು ಕನ್ನಡ ಶುರು ಮಾಡ್ತಿದಾರೆ. ಅಲ್ಲಿ ಓದಿರೋ ಕನ್ನಡದ ಹುಡುಗರು ಎಷ್ಟು ಜನ ಇದಾರೆ ಹೇಳಿ? ನಿಮ್ಮ ಮಗಳಿಗೆ ಕರೆದು ಕೊಡ್ತಾರೆ." ಅಪ್ಪನಿಗೆ ಬಿಬಿಸಿ ಎಂದರೆ ರೇಡಿಯೊ ಕಾಲದಿಂದಲೂ ಗೌರವ. ಆ ಹೆಸರು ಕೇಳುತ್ತಿದ್ದಂತೆ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಸಿಟ್ಟು ಬರುವುದು ಅದಕ್ಕೇ.

ನಿಜ ಸಂಗತಿ ಬೇರೆ ಇದೆ. ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಶುರು ಮಾಡಿತು. ಹಿಂದಿ, ತಮಿಳು ಮೊದಲೇ ಇದ್ದವು. ಆಗ ಸೇರಿದ ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಅಷ್ಟೇ ಅಲ್ಲ, ಭಾರತೀಯ ಭಾಷೆಗಳ ಆ ಕೆಲಸವನ್ನು 2024ರ ಏಪ್ರಿಲ್‌ನಿಂದ ಕಲೆಕ್ಟಿವ್ ನ್ಯೂಸ್‌ರೂಮ್ ಎಂಬ ಭಾರತೀಯ ಕಂಪನಿ ಇಲ್ಲಿಂದಲೇ ಮಾಡಿಕೊಡುತ್ತಿದೆ. ಅಲ್ಲಿ ಸೇರಬೇಕು ಅಂದರೂ ಲಂಡನ್ ದಾರಿ ಹಿಡಿಯಬೇಕಾಗಿಲ್ಲ. ಏಜೆನ್ಸಿಯವರು ಆ ಮಾತು ಹೇಳಿದ್ದು ಈ ಬದಲಾವಣೆಯೆಲ್ಲ ಆದ ಮೇಲೆ.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಲೆನಾಡಿನ ಮನೆಗಳು ಸಿಕ್ಕಿಬೀಳುವುದು ಇಲ್ಲೇ. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ತೋಟ ಇದೆಯಲ್ಲ ಎಂದು ನಾವು ಪಹಣಿ ಹಿಡಿದು ಹೋದೆವು. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ನೇರವಾಗಿ ಹರಾಜು ಹಾಕಲು ಇರುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ತೋಟ ಬೇಡ, ಪೇಟೆಯಲ್ಲಿ ಮನೆಯೋ ಸೈಟೋ ಇದ್ದರೆ ತನ್ನಿ ಎಂದರು. ಚಿಕ್ಕಪ್ಪ ಶಿವಮೊಗ್ಗದಲ್ಲಿ ತೆಗೆದಿಟ್ಟಿದ್ದ ಸೈಟಿನ ಪತ್ರ ಕೊಟ್ಟರು. ಈಗಲೂ ಅದು ಬ್ಯಾಂಕಿನಲ್ಲೇ ಇದೆ. ಓದುವ ಅವಧಿಯಲ್ಲಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಏಜೆನ್ಸಿಯವರು ದೊಡ್ಡದಾಗಿ ಹೇಳಿದರು. ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಅಂತ ಬ್ಯಾಂಕಿನ ಕಾಗದ ಬಂದಾಗಲೇ ಮನೆಯವರಿಗೆ ಗೊತ್ತಾಗಿದ್ದು.

ವೀಸಾ ಅರ್ಜಿಗೆ ಫೀಸಿನ ಜೊತೆಗೆ ಜೀವನದ ಖರ್ಚನ್ನೂ ಬ್ಯಾಂಕ್ ಖಾತೆಯಲ್ಲಿ ತೋರಿಸಬೇಕು. ಆಗಿನ ನಿಯಮದಂತೆ ಲಂಡನ್ ಹೊರಗಿನ ಊರಿಗೆ ತಿಂಗಳಿಗೆ 1,023 ಪೌಂಡಿನ ಲೆಕ್ಕದಲ್ಲಿ ಒಂಬತ್ತು ತಿಂಗಳದ್ದು. 2025ರ ಜನವರಿಯಿಂದ ಅದು ಏರಿದೆ. ಆ ಹಣ ಸತತವಾಗಿ 28 ದಿನ ಖಾತೆಯಲ್ಲಿ ಇರಬೇಕು. ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್‌ಚಾರ್ಜ್. ನಮ್ಮ ಹತ್ತಿರ ಅಷ್ಟು ಇರಲಿಲ್ಲ. ಅದಕ್ಕೆ ಏಜೆನ್ಸಿಯವರು, "ಒಬ್ರು ಫೈನಾನ್ಸ್‌ನವರು ಇದಾರೆ. ನಿಮ್ಮ ಅಕೌಂಟಿಗೆ ಹಾಕ್ತಾರೆ, ವೀಸಾ ಬಂದ್ಮೇಲೆ ವಾಪಸ್ ತಗೋತಾರೆ. ಬಡ್ಡಿ ಅಷ್ಟೇ ನಿಮ್ದು," ಎಂದರು. ಅಪ್ಪ ಎದ್ದು ನಿಂತರು. "ನಮ್ದಲ್ಲದ ದುಡ್ಡನ್ನ ನಮ್ದು ಅಂತ ಎಂತಕ್ಕೆ ಹೇಳದು? ಅದು ಆಗದಿಲ್ಲ."

ಅಪ್ಪ ಹಾಗೆ ಹೇಳಿದ್ದು ನನ್ನ ಪುಣ್ಯ. ವೀಸಾ ಅರ್ಜಿಯಲ್ಲಿ ಮೋಸ ಮಾಡಿದ್ದು ಸಾಬೀತಾದರೆ ಬ್ರಿಟನ್ ಹತ್ತು ವರ್ಷದವರೆಗೆ ಬಾಗಿಲು ಮುಚ್ಚುತ್ತದೆ. ಸಿಕ್ಕಿಬಿದ್ದರೆ ಅನುಭವಿಸುವವರು ಅರ್ಜಿ ಹಾಕಿದ ಹುಡುಗರೇ ಹೊರತು ಫೈನಾನ್ಸ್‌ನವರಲ್ಲ, ಏಜೆಂಟರಲ್ಲ. ಕೊನೆಗೆ ಅಡಿಕೆ ಮಾರಿದ ದುಡ್ಡು, ಅಮ್ಮನ ಅವಲಕ್ಕಿ ಸರ ಅಡವಿಟ್ಟ ದುಡ್ಡು ಎಲ್ಲ ಅಪ್ಪನ ಖಾತೆಗೇ ಹಾಕಿದೆವು. ಅಪ್ಪ ಅಮ್ಮನ ಖಾತೆಯನ್ನು ತೋರಿಸಬಹುದು, ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಇದ್ದರೆ ಸಾಕು. ಇದನ್ನೂ ನಾನೇ ಬ್ರಿಟನ್ ಸರ್ಕಾರದ ವೆಬ್‌ಸೈಟ್ ಓದಿ ತಿಳಿದುಕೊಂಡೆ.

ಕೋರ್ಸು ಕೆಟ್ಟದಾಗಿತ್ತು ಎಂದು ನಾನು ಹೇಳುವುದಿಲ್ಲ. ಪಾಠ ಮಾಡಿದವರಲ್ಲಿ ಯುದ್ಧ ವರದಿ ಮಾಡಿ ಬಂದವರಿದ್ದರು, ಒಂದೊಂದು ಸಾಲನ್ನೂ ತಿದ್ದಿ ಕೊಡುತ್ತಿದ್ದರು. ಆದರೆ ತರಗತಿಯಲ್ಲಿ ಕೂತವರು ಯಾರು ಎಂದು ನೋಡಿದಾಗ ನನಗೆ ವಿಷಯ ಅರ್ಥವಾಯಿತು. ನೈಜೀರಿಯಾದ ಒಬ್ಬಾಕೆ ಅಲ್ಲಿನ ಟಿವಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ರಜೆ ಹಾಕಿ ಬಂದಿದ್ದರು. ಇನ್ನೊಬ್ಬರನ್ನು ಅವರ ಪತ್ರಿಕೆಯೇ ಕಳಿಸಿತ್ತು. ಅವರಿಗೆಲ್ಲ ವಾಪಸ್ ಹೋದರೆ ಕುರ್ಚಿ ಕಾಯುತ್ತಿತ್ತು. ಈ ಓದು ಅವರ ಅನುಭವಕ್ಕೆ ಹೊಳಪು ಕೊಟ್ಟಿತು. ಡಿಗ್ರಿ ಮುಗಿಸಿ ನೇರ ಹೋದ ನಮ್ಮಂಥವರಿಗೆ ಹೊಳಪು ಕೊಡಲು ಕೆಳಗೆ ಏನೂ ಇರಲಿಲ್ಲ.

ನಮಗೆ ಕಲಿಸಿದ ಕಾನೂನು ಬಹುತೇಕ ಇಂಗ್ಲೆಂಡಿನದ್ದು. 2013ರ ಡಿಫಮೇಶನ್ (ಮಾನಹಾನಿ) ಕಾಯ್ದೆ, 1981ರ ಕಂಟೆಂಪ್ಟ್ ಆಫ್ ಕೋರ್ಟ್ (ನ್ಯಾಯಾಂಗ ನಿಂದನೆ) ಕಾಯ್ದೆ. ಇಲ್ಲಿ ನ್ಯಾಯಾಲಯದ ವರದಿ ಮಾಡಬೇಕಾದರೆ ಮೊದಲಿಂದ ಕಲಿಯಬೇಕು. ಇನ್ನು ಅಲ್ಲಿನ ಸ್ಥಳೀಯ ಪತ್ರಿಕೆಗಳು ಹೊಸಬರಲ್ಲಿ ಹುಡುಕುವುದು ಪತ್ರಕರ್ತರ ತರಬೇತಿಯ ರಾಷ್ಟ್ರೀಯ ಮಂಡಳಿಯ ಎನ್‌ಸಿಟಿಜೆ ಡಿಪ್ಲೊಮಾ. ನಿಮಿಷಕ್ಕೆ 100 ಪದ ಬರೆಯುವ ಶಾರ್ಟ್‌ಹ್ಯಾಂಡ್‌ಗೆ ಹೆಸರಾದ ತರಬೇತಿ ಅದು. ಪ್ರಸಾರ ಮಾಧ್ಯಮಕ್ಕೆ ಬಿಜೆಟಿಸಿ ಎಂಬ ತರಬೇತಿ ಮಂಡಳಿಯ ಮಾನ್ಯತೆ. ನನ್ನ ಕೋರ್ಸಿಗೆ ಎರಡೂ ಇರಲಿಲ್ಲ. "ಇಂಟರ್‌ನ್ಯಾಷನಲ್" ಎಂದು ಹೆಸರಿದ್ದ ಮಾತ್ರಕ್ಕೆ ಅಲ್ಲಿನ ಸಂಪಾದಕರು ಒಪ್ಪುತ್ತಾರೆ ಎಂದುಕೊಳ್ಳಬೇಡಿ.

ಈಗ ಆ ವೀಸಾ ವಿಷಯ. ಒಂದು ಅಸೈನ್‌ಮೆಂಟಿಗೆಂದು ನಾನಿದ್ದ ಊರಿನ ಹೊರವಲಯದ ಬಸ್ ಮಾರ್ಗ ನಿಲ್ಲಿಸುತ್ತಿರುವುದರ ಮೇಲೆ ವರದಿ ಮಾಡಿದೆ. ಕೌನ್ಸಿಲ್ ಸಭೆಯಲ್ಲಿ ಕೂತು, ಬಸ್ ಸ್ಟಾಪಿನಲ್ಲಿ ವಯಸ್ಸಾದವರನ್ನು ಮಾತಾಡಿಸಿ, ಆಸ್ಪತ್ರೆಗೆ ಹೋಗಲು ಬೇರೆ ದಾರಿ ಇಲ್ಲದವರ ಕಥೆ ಬರೆದೆ. ಮಳೆಗಾಲದಲ್ಲಿ ನಮ್ಮೂರಿನ ಕೊನೇ ಬಸ್ಸು ನಿಂತಾಗ ಆಗುವ ಪಾಡು ನನಗೆ ಗೊತ್ತಿದ್ದರಿಂದ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಬಂದವು. ಸ್ಥಳೀಯ ಸುದ್ದಿ ವೆಬ್‌ಸೈಟಿನ ಸಂಪಾದಕರಿಗೆ ಅದು ಹಿಡಿಸಿತು. ಹಾಕುತ್ತೇವೆ, ಇನ್‌ವಾಯ್ಸ್ ಕಳಿಸಿ, ಇನ್ನೂ ಬರೆಯಿರಿ ಎಂದರು. ಎದೆ ತುಂಬಿ ಬಂತು. ಇನ್‌ವಾಯ್ಸ್ ಹೇಗೆ ಬರೆಯುವುದು ಎಂದು ಕೇಳಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋದೆ. ಅಲ್ಲಿದ್ದವರು ಪರದೆಯನ್ನು ನನ್ನ ಕಡೆ ತಿರುಗಿಸಿ ನಿಯಮ ತೋರಿಸಿದರು. ಸಂಬಳದ ಪಟ್ಟಿಯಲ್ಲಿ ಸೇರಿಸಿಕೊಂಡರೆ ವಾರಕ್ಕೆ 20 ಗಂಟೆಯೊಳಗೆ ದುಡಿಯಬಹುದು. ಇನ್‌ವಾಯ್ಸ್ ಬರೆದು ಒಂದು ಪೌಂಡ್ ತೆಗೆದುಕೊಂಡರೂ ವೀಸಾ ಉಲ್ಲಂಘನೆ.

ಆ ವೆಬ್‌ಸೈಟಿನಲ್ಲಿ ಇದ್ದಿದ್ದೇ ಇಬ್ಬರು ನೌಕರರು, ನನ್ನನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ವರದಿ ನನ್ನ ಹೆಸರಿನಲ್ಲಿ ಬಂತು, ದುಡ್ಡು ಬರಲಿಲ್ಲ, ಮುಂದಿನ ಬರಹಗಳೂ ನಿಂತವು. ಸುದ್ದಿಮನೆಗಳು ಹೊಸಬರನ್ನು ಹೀಗೆ ಬಿಡಿ ಬರಹಗಳಿಂದಲೇ ಗುರುತಿಸುವುದು. ಆ ದಾರಿಯೇ ಮುಚ್ಚಿದ್ದರಿಂದ ನಾನು ಆ ವರ್ಷ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆದೆ. ಆ ಕೆಲಸಕ್ಕೆ ನನ್ನ ಗೌರವವಿದೆ, ಬಾಡಿಗೆ ಕಟ್ಟಿದ್ದು ಅದರಿಂದಲೇ. ಬೇಸಿಗೆಯಲ್ಲಿ ಫುಲ್ ಟೈಮ್ ದುಡಿಯಬಹುದು ಎಂದು ಏಜೆನ್ಸಿಯವರು ಹೇಳಿದ್ದೂ ಸುಳ್ಳಾಯಿತು. ಒಂದು ವರ್ಷದ ಎಂ.ಎ.ಯಲ್ಲಿ ಬೇಸಿಗೆ ಎಂದರೆ ಪ್ರಬಂಧ ಬರೆಯುವ ಕಾಲ, ರಜೆ ಅಲ್ಲ. ಆಗಲೂ ಅದೇ 20 ಗಂಟೆ.

ಮುಗಿದ ಮೇಲೆ ಗ್ರಾಜುಯೇಟ್ ವೀಸಾ ತೆಗೆದುಕೊಂಡರೆ ಫ್ರೀಲಾನ್ಸ್ ಮಾಡಬಹುದು, ನಿಜ. ಆದರೆ ಅರ್ಜಿ ಶುಲ್ಕದ ಮೇಲೆ ವರ್ಷಕ್ಕೆ 1,035 ಪೌಂಡಿನಂತೆ ಎರಡು ವರ್ಷದ ಆರೋಗ್ಯ ಸರ್‌ಚಾರ್ಜನ್ನು ಒಂದೇ ಸಲ ಕಟ್ಟಬೇಕು. ಆ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂ.ಎ. ಪದವೀಧರರಿಗೆ 18 ತಿಂಗಳಿಗೆ ಇಳಿಯುತ್ತಿದೆ. ಅದಾದ ಮೇಲೆ ಉಳಿಯಲು ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈನಿಂದ ಅದಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ 33,400. ಸಣ್ಣ ಊರಿನ ಪತ್ರಿಕೆಗೆ ಹೊಸದಾಗಿ ಸೇರುವ ವರದಿಗಾರರಿಗೆ ಅಷ್ಟು ಸಿಗುವುದಿಲ್ಲ. ಮನೆಯಿಂದ ಇನ್ನೂ ಸಾಲ ಮಾಡಿಸುವ ಮನಸ್ಸು ನನಗಿರಲಿಲ್ಲ, ಎಲೆಚುಕ್ಕಿ ರೋಗ ತೋಟಕ್ಕೆ ಬಂದಿತ್ತು. ವಾಪಸ್ ಬಂದೆ.

ವಿದೇಶದಲ್ಲಿ ಪತ್ರಿಕೋದ್ಯಮ ಓದಲೇಬೇಡಿ ಎನ್ನುವುದಿಲ್ಲ. ಮೊದಲು ಇಲ್ಲಿ ಎರಡು ವರ್ಷವಾದರೂ ವರದಿಗಾರಿಕೆ ಮಾಡಿ. ಬ್ರಿಟನ್ ಸರ್ಕಾರವೇ ಕೊಡುವ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಅದು ಸುಮಾರು ಎರಡು ವರ್ಷದ ದುಡಿಮೆ. ಸಿಕ್ಕರೆ ಫೀಸು, ಜೀವನದ ಖರ್ಚು ಎರಡೂ ಅವರದೇ; ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸಾಗಿರಬೇಕು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಶುರುವಾಗುವ ಎರಾಸ್ಮಸ್ ಮುಂಡಸ್ ಜರ್ನಲಿಸಂ ಎಂಬ ಮಾಸ್ಟರ್ಸ್ ಕೋರ್ಸು ಎರಡು ವರ್ಷದ್ದು, ಎರಡನೇ ವರ್ಷ ಯುರೋಪಿನ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತೀರಿ. ನಮ್ಮ ಏಜೆನ್ಸಿಯವರು ಈ ಎರಡರ ಹೆಸರನ್ನೂ ಎತ್ತಲಿಲ್ಲ. ವಿದ್ಯಾರ್ಥಿ ಸೇರಿದರೆ ಅವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಕಮಿಷನ್ ಇಲ್ಲದ ದಾರಿಯನ್ನು ಅವರು ತೋರಿಸಲಿಲ್ಲ. ಇನ್ನು ಇಲ್ಲೇ ಓದುವುದಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ, ಚೆನ್ನೈಯಲ್ಲಿ ಏಷಿಯನ್ ಕಾಲೇಜ್ ಆಫ್ ಜರ್ನಲಿಸಂ ಇದೆ, ದೆಹಲಿಯಲ್ಲಿ ಐಐಎಂಸಿ (ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್) ಇದೆ.

ಏಜೆನ್ಸಿಗೆ ಹೋಗಲೇಬೇಕಾದರೆ, ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅವರ ಅಧಿಕೃತ ಪ್ರತಿನಿಧಿಗಳ ಪಟ್ಟಿ ಇದೆಯೇ, ಅದರಲ್ಲಿ ಈ ಏಜೆನ್ಸಿಯ ಹೆಸರು ಇದೆಯೇ ನೋಡಿ. ಡೆಪಾಸಿಟ್ಟನ್ನು ನೇರ ವಿಶ್ವವಿದ್ಯಾಲಯಕ್ಕೇ ಕಟ್ಟಿ. "ಇವತ್ತೇ ಕಟ್ಟಿದ್ರೆ ಸೀಟ್ ಬ್ಲಾಕ್ ಮಾಡ್ತೀವಿ" ಎಂದು ಅವಸರ ಮಾಡಿದರೆ ಎದ್ದು ಬನ್ನಿ. ಕಳೆದ ವರ್ಷ ಆ ಕೋರ್ಸು ಮುಗಿಸಿದ ಭಾರತೀಯರು ಈಗ ಎಲ್ಲಿದ್ದಾರೆ ಎಂದು ವಿಭಾಗಕ್ಕೆ ಇಮೇಲ್ ಮಾಡಿ ಕೇಳಿ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಓದಲು ಕಳಿಸುವವರಿಗೆ ಆ ಕಾಯ್ದೆ ತಾಗುವುದಿಲ್ಲ, ಆದ್ದರಿಂದ ಅವರು ಬರೆದು ಕೊಟ್ಟ ಕಾಗದವೇ ನಿಮಗಿರುವ ಆಧಾರ.

ನನಗೆ ಅವರು "ಲಂಡನ್ ಮಾಧ್ಯಮ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಖಾತ್ರಿ" ಎಂದು ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟಿದ್ದರು. ಪ್ರೊಸೆಸಿಂಗ್ ಚಾರ್ಜಿನ ರಸೀದಿಯೂ ಇತ್ತು. ಅವೆರಡನ್ನೂ ಇಟ್ಟುಕೊಂಡು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಏಜೆನ್ಸಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಹೇಗೆ ಶುರು ಮಾಡುವುದು ಎಂದು ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇಂಥದ್ದೇ ಕಾಗದ, ರಸೀದಿ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಎಂದು ನನಗೆ ಗೊತ್ತು. ಎರಡು ವರ್ಷ ಕಳೆಯುವ ಮುಂಚೆ ದೂರು ಕೊಡಿ.